ಯೀಸ್ಟೂ ಸಾರಜನಕವೂ: ಕಬ್ಬಿನ ಬೆಳೆಗಾರರು ತಿಳಿಯತಕ್ಕ ವಿಷಯ

ಪೈರಿಗೆ ಸಾರಜನಕವು ಎಷ್ಟು ಅವಶ್ಯಕವೆಂಬುದನ್ನು ನಮ್ಮ ರೈತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕೊಟ್ಟಿಗೆ ಗೊಬ್ಬರವನ್ನಾಗಲಿ, ಹಿಂಡಿಯನ್ನಾಗಲಿ, ಯೂರಿಯಾವನ್ನಾಗಲಿ ಭೂಮಿಗೆ ಹಾಕುವವರು ಬಹುಮಟ್ಟಿಗೆ ಈ ಒಂದು ಪದಾರ್ಥಕ್ಕಾಗಿಯೇ ಹಣವನ್ನು ವೆಚ್ಚ ಮಾಡುತ್ತಾರೆ. ಆದರೆ ಗದ್ದೆಗೆ ಹಾಕಿದ ಸಾರಜನಕದಲ್ಲಿ ಒಂದು ಪಾಲು ಕಬ್ಬಿನೊಡನೆ ಗಾಡಿಯನ್ನೇರಿ ಆಲೆಮನೆಗೂ ಸಕ್ಕರೆಯ ಕಾರ್ಖಾನೆಗೂ ಹೋಗುತ್ತದೆಂಬುದನ್ನೂ, ಅಲ್ಲಿ ಅದಕ್ಕಾಗಿ ಕಾದಿರತಕ್ಕ ಮತ್ತೊಂದು ಜೀವಿಯುಂಟೆಂಬುದನ್ನೂ ಯೋಚಿಸುವವರು ಕಡಮೆ. ಈ ಜೀವಿಯೇ ಯೀಸ್ಟ್. ಇದು ಸಾರಜನಕವನ್ನು ಯಾವ ಕ್ರಮದಿಂದ ಸಂಪಾದಿಸುತ್ತದೆ, ಅದರಿಂದ ಬೆಲ್ಲ ಮಾಡುವವನಿಗೂ ಮದ್ಯಸಾರವನ್ನು ತೆಗೆಯುವವನಿಗೂ ಆಗುವ ಲಾಭನಷ್ಟಗಳೇನು, ಇದರಲ್ಲಿ ಕಬ್ಬು ಬೆಳೆಯುವವನ ಕೈಯಲ್ಲಿರುವುದು ಎಷ್ಟು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲಾಗಿದೆ.

ಪಾಂಡವಪುರದ ಕಬ್ಬು

ಪಾಂಡವಪುರಕ್ಕೆ ಪೂರ್ವದಲ್ಲಿ ಹಿರೋಡೆಯೆಂಬ ಹೆಸರಿದ್ದಿತು. ಹೈದರಾಲಿ, ಟಿಪ್ಪುಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಪಾಳೆಯವನ್ನು ಹಾಕಿದ್ದ ಕಾರಣ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ರಾಗಿ, ಹುರುಳಿ ಮೊದಲಾದ ಮಳೆಯಾಧಾರದ ಬೆಳೆಗಳೇ ಹೆಚ್ಚಾಗಿದ್ದ ಈ ಸೀಮೆಗೆ ಕನ್ನಂಬಾಡಿ ಕಟ್ಟೆಯಿಂದ ಹೊಸ ಸ್ಥಿತಿಯುಂಟಾಯಿತು. ೧೯೧೧ರಲ್ಲಿ ಆ ಕಟ್ಟೆಯ ಕೆಲಸವು ಆರಂಭವಾಯಿತು. ಅಲ್ಲಿಂದ ಹೊರಟ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾಯಿತು. ನಾಲೆಯ ನೀರು ಹರಿದ ಕಡೆಗಳಲ್ಲೆಲ್ಲಾ ಬತ್ತವೂ ಕಬ್ಬೂ ಹಬ್ಬಿದುವು.

ಹೀಗೆ ಬೆಳೆದ ಕಬ್ಬಿಗೆ ಗಿರಾಕಿಯನ್ನು ಒದಗಿಸುವುದಕ್ಕಾಗಿ ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಆಗ್ಗೆ ಸಂಸ್ಥಾನದ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್‌ಮನ್ ಅವರು ಇದಕ್ಕೆ ಮುಖ್ಯ ಪ್ರೇರಕರು. ಅಡಿಕೆಯ ಕೊಳೆರೋಗವನ್ನು ಪರಿಶೋಧಿಸಿದ ಈ ಮಹನೀಯರು ಬೂಷ್ಟು, ಅಣಬೆಗಳ ಶಾಸ್ತ್ರದಲ್ಲಿ ನಿಪುಣರು. ಯೀಸ್ಟೂ ಅಣಬೆಯ ಕುಲಕ್ಕೇ ಸೇರಿದುದೆಂಬುದನ್ನು ಇಲ್ಲಿ ಸ್ಮರಿಸಬಹುದು. ಆಮೇಲೆ ಪಾಂಡವಪುರದಲ್ಲಿಯೂ ಸಹಕಾರ ಸಕ್ಕರೆ ಕಾರ್ಖಾನೆಯು ಏರ್ಪಟ್ಟಿತು. ಕಾರ್ಖಾನೆಗೆ ಹೋಗದ ಕಬ್ಬು ಊರೂರಿನ ಆಲೆಮನೆಗಳಲ್ಲಿ ಬೆಲ್ಲವಾಗುತ್ತದೆ.

ಕಾರ್ಖಾನೆಯಲ್ಲಿ ನೂರು ಟನ್ನು ಕಬ್ಬನ್ನು ಅರೆದರೆ ಸುಮಾರು ನಾಲ್ಕು ಟನ್ನಿನಷ್ಟು ಕಾಕಂಬಿಯು ಉಳಿಯುತ್ತದೆ. ಹರಳುಗಟ್ಟಿಸಿ ತೆಗೆಯಲು ಸಾಧ್ಯವಾಗದ ಸಕ್ಕರೆಯೆಲ್ಲವೂ ಇದರಲ್ಲಿರುತ್ತದೆ. ಇದನ್ನು ನೀರಿನಲ್ಲಿ ಕದಡಿ ಯೀಸ್ಟನ್ನು ಬಿಟ್ಟು ಹುದುಗು ಬರಿಸಿ ಮದ್ಯಸಾರವನ್ನು ಇಳಿಸುತ್ತಾರೆ. ಪೆಟ್ರೋಲಿನೊಡನೆ ಬೆರೆಸುವ ಮದ್ಯಸಾರಕ್ಕಾಗಿ ಭಾರತದಲ್ಲಿ ೧೯೪೮ರಲ್ಲಿಯೇ ಒಂದು ಶಾಸನವಾಗಿದ್ದಿತು. ೨೦೦೩ರಲ್ಲಿ ಶೇಕಡಾ ೫ರ ಲೆಕ್ಕದಿಂದ ಮೊದಲಾದ ಈಚಿನ ಏರ್ಪಾಡು ೨೦೨೫ರಲ್ಲಿ ಶೇಕಡಾ ೨೦ಕ್ಕೆ ಮುಟ್ಟಿದೆ. ಆದಕಾರಣ ಕಾಕಂಬಿಯ ತೊಟ್ಟಿಯಲ್ಲಿ ನಡೆಯುವ ವ್ಯಾಪಾರವು ಕಬ್ಬು ಬೆಳೆಯುವವನಿಗೆ ಸಂಬಂಧಪಡದ ವಿಷಯವೆಂದು ಹೇಳಲಾಗದು.

ಯೀಸ್ಟಿಗೆ ಬೇಕಾದ ಆಹಾರ

ಯೀಸ್ಟಿನ ಒಂದೊಂದು ಕಣವೂ ಒಂದು ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಹತ್ತು ಪಾಲಿನಷ್ಟು ಮಾತ್ರ ಇರುತ್ತದೆ. ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಉಂಟುಮಾಡಿ, ಆಗ ಬಿಡುಗಡೆಯಾಗುವ ಶಕ್ತಿಯಿಂದ ಅದು ಜೀವಿಸುತ್ತದೆ. ನೂರು ಸೇರು ದ್ರಾಕ್ಷಾಸಕ್ಕರೆಯಿಂದ ಲೆಕ್ಕದ ಪ್ರಕಾರ ಸುಮಾರು ೫೧ ಸೇರು ಮದ್ಯಸಾರವೂ ೪೯ ಸೇರು ಇಂಗಾಲಾಮ್ಲ ವಾಯುವೂ ಬರತಕ್ಕದ್ದು. ಆದರೆ ಸಕ್ಕರೆಯಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳು ಮಾತ್ರ ಇವೆ, ಸಾರಜನಕವಿಲ್ಲ. ಒಣಗಿಸಿದ ಯೀಸ್ಟಿನ ತೂಕದಲ್ಲಿ ಅರ್ಧದ ಹತ್ತಿರ ಪ್ರೋಟೀನು. ಪ್ರೋಟೀನು ಸಾರಜನಕವಿಲ್ಲದೆ ಆಗದು. ಹೀಗಿರುವಲ್ಲಿ ಬರಿಯ ಸಕ್ಕರೆಯನ್ನು ಎಷ್ಟು ಕೊಟ್ಟರೂ ಯೀಸ್ಟು ವೃದ್ಧಿಯಾಗಲಾರದು. ಒಲೆಗೆ ಸೌದೆಯಿದ್ದು ಅಡಿಗೆಗೆ ಧಾನ್ಯವಿಲ್ಲದ ಮನೆಯಂತೆ ಅದರ ಸ್ಥಿತಿಯಾಗುತ್ತದೆ.

ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಪಂಡಿತನು ೧೮೬೦ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಶುದ್ಧವಾದ ಸಕ್ಕರೆ, ಒಂದು ಅಮೋನಿಯಾ ಲವಣ, ಯೀಸ್ಟನ್ನು ಸುಟ್ಟ ಬೂದಿ ಇಷ್ಟನ್ನೇ ನೀರಿಗೆ ಹಾಕಿ ಅದರಲ್ಲಿ ಯೀಸ್ಟನ್ನು ಬೆಳೆಯಿಸಿ ತೋರಿಸಿದನು. ಅಮೋನಿಯಾದಂತಹ ಸರಳ ಪದಾರ್ಥದಿಂದಲೇ ತನ್ನ ಪ್ರೋಟೀನನ್ನು ಕಟ್ಟಿಕೊಳ್ಳುವ ಸಾಮರ್ಥ್ಯವು ಯೀಸ್ಟಿಗೆ ಉಂಟೆಂಬುದು ಇದರಿಂದ ಸಿದ್ಧವಾಯಿತು. ಆದರೆ ಕಬ್ಬಿನ ಹಾಲಿನಲ್ಲಿಯೂ ಕಾಕಂಬಿಯಲ್ಲಿಯೂ ಅಮೋನಿಯಾ ಇರುವುದು ಅತ್ಯಲ್ಪ. ಅಲ್ಲಿ ಯೀಸ್ಟಿಗೆ ದೊರೆಯತಕ್ಕ ಸಾರಜನಕವು ಬಹುಪಾಲು ಅಮೈನೋ ಆಮ್ಲಗಳ ರೂಪದಲ್ಲಿರುತ್ತದೆ. ಪ್ರೋಟೀನೆಂಬ ಗೋಡೆಗೆ ಅಮೈನೋ ಆಮ್ಲಗಳೇ ಇಟ್ಟಿಗೆಗಳು. ಕಬ್ಬಿನ ಹಾಲಿನಲ್ಲಿ ಇವುಗಳ ಪೈಕಿ ಆಸ್ಪರಾಜಿನ್ ಎಂಬುದು ಮುಖ್ಯವಾದುದು.

ಸುಲಭವಾದುದು ಮೊದಲು

ಯೀಸ್ಟು ತನಗೆ ಸಿಕ್ಕಿದ ಸಾರಜನಕವನ್ನೆಲ್ಲಾ ಒಟ್ಟಿಗೆ ಸೇವಿಸುವುದಿಲ್ಲ. ಅಮೋನಿಯಾ, ಗ್ಲುಟಮಿನ್, ಆಸ್ಪರಾಜಿನ್ ಮೊದಲಾದ ಸುಲಭವಾದ ಆಹಾರಗಳು ಇರುವವರೆಗೂ ಕಷ್ಟವಾದವುಗಳ ತಂಟೆಗೆ ಹೋಗುವುದಿಲ್ಲ. ಇದು ಬರಿಯ ರುಚಿಯ ಮಾತಲ್ಲ. ಕಣವನ್ನು ಸುತ್ತಿಕೊಂಡಿರುವ ಪೊರೆಯಲ್ಲಿ ಒಂದೊಂದು ಜಾತಿಯ ಆಹಾರವನ್ನು ಒಳಕ್ಕೆ ಬಿಡುವುದಕ್ಕೆ ಒಂದೊಂದು ಬಗೆಯ ಬಾಗಿಲುಗಳುಂಟು. ಸುಲಭವಾದ ಸಾರಜನಕವು ಸಮೃದ್ಧಿಯಾಗಿರುವಾಗ ಕಷ್ಟದ ಆಹಾರಕ್ಕೆ ಬೇಕಾದ ಬಾಗಿಲುಗಳನ್ನೂ, ಅದನ್ನು ಒಡೆಯುವ ಕಿಣ್ವಗಳನ್ನೂ ಯೀಸ್ಟು ತಯಾರಿಸುವುದೇ ಇಲ್ಲ. ಮೊದಲೇ ಇದ್ದ ಕೆಲವು ಬಾಗಿಲುಗಳನ್ನು ಒಳಕ್ಕೆ ಎಳೆದುಕೊಂಡು ಅರಗಿಸಿಬಿಡುತ್ತದೆ. ಸುಲಭವಾದುದು ಮುಗಿದ ಮೇಲೆ ಅವೆಲ್ಲವನ್ನೂ ಹೊಸದಾಗಿ ಮಾಡಿಕೊಳ್ಳುತ್ತದೆ. ಕಿಣ್ವವೆಂಬುದೂ ಪ್ರೋಟೀನೇ ಆದ್ದರಿಂದ ಅನಾವಶ್ಯಕವಾದ ಕಿಣ್ವವನ್ನು ಮಾಡುವುದೆಂದರೆ ಸಾರಜನಕವನ್ನೇ ಪೋಲುಮಾಡಿದಂತೆ. ಈ ಮಿತವ್ಯಯವು ಸಣ್ಣ ಜೀವಿಯಲ್ಲಿಯೂ ಕಂಡುಬರುವುದು ಆಶ್ಚರ್ಯಕರವಾಗಿದೆ.

ಎಲ್ಲಾ ಅಮೈನೋ ಆಮ್ಲಗಳೂ ಯೀಸ್ಟಿಗೆ ಸಮನಾಗಿ ಒದಗವು. ಲೈಸಿನ್ ಎಂಬುದನ್ನು ಹುದುಗಿಗೆ ಬಳಸುವ ಸಾಮಾನ್ಯ ಯೀಸ್ಟು ಇಟ್ಟಿಗೆಯಾಗಿ ಉಪಯೋಗಿಸಬಲ್ಲುದೇ ಹೊರತು, ಅದೊಂದನ್ನೇ ಒಡೆದು ತನ್ನ ಸಾರಜನಕವೆಲ್ಲವನ್ನೂ ಪಡೆಯಲಾರದು. ಕೆಲವು ಕಾಡು ಯೀಸ್ಟುಗಳು ಮಾತ್ರ ಪಡೆಯಬಲ್ಲವು. ಈ ವ್ಯತ್ಯಾಸವನ್ನು ಆಧಾರಮಾಡಿಕೊಂಡು, ಲೈಸಿನ್ ಮಾತ್ರ ಹಾಕಿದ ತಟ್ಟೆಗಳಲ್ಲಿ ಬೆಳೆಯಿಸಿ ನೋಡಿ, ಹುದುಗಿನೊಳಗೆ ಕಾಡು ಯೀಸ್ಟು ಸೇರಿದೆಯೇ ಎಂಬುದನ್ನು ಪರೀಕ್ಷಿಸುವ ಪದ್ಧತಿಯುಂಟು.

ಕಳಚುವ ಕ್ರಮ

ಒಂದೊಂದು ಅಮೈನೋ ಆಮ್ಲದಲ್ಲಿಯೂ ಎರಡು ಭಾಗಗಳನ್ನು ಭಾವಿಸಬಹುದು. ಸಾರಜನಕವುಳ್ಳ ಅಮೈನೋ ಗುಂಪು ಒಂದು. ಅದನ್ನು ಹೊತ್ತಿರುವ ಇಂಗಾಲದ ಚೌಕಟ್ಟು ಇನ್ನೊಂದು. ಯೀಸ್ಟಿಗೆ ಬೇಕಾದುದು ಮೊದಲನೆಯದು. ಇದನ್ನು ಬಿಡಿಸಿಕೊಳ್ಳುವ ಬಗೆಯನ್ನು ಎತ್ತಿನ ಗಾಡಿಯ ನಿದರ್ಶನದಿಂದ ತಿಳಿಯಬಹುದು. ಎತ್ತುಗಳನ್ನು ಒಂದು ಗಾಡಿಯ ನೊಗದಿಂದ ಬಿಚ್ಚಿ, ಬೀದಿಗೆ ಬಿಡದೆ, ಪಕ್ಕದಲ್ಲಿಯೇ ನಿಂತಿರುವ ಬರಿಯ ಗಾಡಿಗೆ ಹೂಡುವಂತೆ, ಯೀಸ್ಟು ಅಮೈನೋ ಗುಂಪನ್ನು ಒಂದು ಚೌಕಟ್ಟಿನಿಂದ ಬಿಚ್ಚಿ ಕೀಟೋಗ್ಲುಟಾರಿಕ್ ಆಮ್ಲವೆಂಬ ಬೇರೊಂದು ಚೌಕಟ್ಟಿಗೆ ಹೂಡುತ್ತದೆ. ಹಾಗೆ ಹೂಡಿದಾಗ ಗ್ಲುಟಮಿಕ್ ಆಮ್ಲವು ಉಂಟಾಗುತ್ತದೆ. ಈ ಆಮ್ಲವೇ ಯೀಸ್ಟಿನ ಸಾರಜನಕದ ಸಂತೆಪೇಟೆ. ಕಣದಲ್ಲಿರುವ ಸಾರಜನಕದ ನೂರು ಭಾಗದಲ್ಲಿ ಸುಮಾರು ೮೫ ಭಾಗವು ಇದರ ಮೂಲಕವೂ, ಉಳಿದುದು ಗ್ಲುಟಮಿನ್ ಮೂಲಕವೂ ಬೇಕಾದ ಕಡೆಗೆ ಹಂಚಲ್ಪಡುತ್ತದೆ.

ಎತ್ತುಗಳನ್ನು ಬಿಚ್ಚಿದ ಗಾಡಿಯ ಗತಿಯೇನು? ಕೆಲವು ಚೌಕಟ್ಟುಗಳು ಯೀಸ್ಟಿಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಆಸ್ಪರಾಜಿನ್ ಒಡೆದರೆ ಅಮೋನಿಯಾವೂ ಆಸ್ಪಾರ್ಟಿಕ್ ಆಮ್ಲವೂ ಆಗುತ್ತವೆ, ಎರಡೂ ವ್ಯರ್ಥವಾಗುವುದಿಲ್ಲ. ಆದರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಫಿನೈಲ್‌ಅಲನಿನ್ ಮೊದಲಾದವುಗಳ ಚೌಕಟ್ಟನ್ನು ಯೀಸ್ಟು ಬಹುಮಟ್ಟಿಗೆ ಹೊರಕ್ಕೆ ಹಾಕುತ್ತದೆ. ಹಾಕುವಾಗ ಮೊದಲು ಒಂದು ಇಂಗಾಲವನ್ನು ಇಂಗಾಲಾಮ್ಲ ವಾಯುವಾಗಿ ಬಿಡುತ್ತದೆ; ಉಳಿದುದಕ್ಕೆ ಜಲಜನಕವನ್ನು ಸೇರಿಸಿ ಒಂದು ಮದ್ಯಸಾರವನ್ನಾಗಿ ಮಾಡುತ್ತದೆ. ಲ್ಯೂಸಿನ್‌ನಲ್ಲಿ ಆರು ಇಂಗಾಲಗಳಿವೆ. ಅದರಿಂದಾಗುವ ಐಸೊಅಮೈಲ್ ಮದ್ಯಸಾರದಲ್ಲಿ ಐದು. ಐದು ಇಂಗಾಲದ ವ್ಯಾಲಿನ್‌ನಿಂದ ನಾಲ್ಕು ಇಂಗಾಲದ ಐಸೊಬ್ಯುಟೈಲ್ ಮದ್ಯಸಾರವಾಗುತ್ತದೆ. ಫಿನೈಲ್‌ಅಲನಿನ್‌ನಿಂದಾಗುವ ಮದ್ಯಸಾರಕ್ಕೆ ಗುಲಾಬಿಯ ವಾಸನೆಯುಂಟು. ಇವೆಲ್ಲವುಗಳ ಮಿಶ್ರಣಕ್ಕೆ ಫ್ಯೂಸೆಲ್ ಎಣ್ಣೆಯೆಂದು ಹೆಸರು. ಎಣ್ಣೆಯೆಂದು ಕರೆದರೂ ಇದು ಎಣ್ಣೆಯಲ್ಲ. ಭಾರವಾದ ಮದ್ಯಸಾರಗಳ ಗುಂಪು.

ಈ ವಿಷಯವು ಬೆಳಕಿಗೆ ಬಂದುದೂ ಕಾಕಂಬಿಯಿಂದಲೇ. ಜರ್ಮನಿಯಲ್ಲಿ ಸಕ್ಕರೆ ಉದ್ಯಮಕ್ಕೆ ಸಂಬಂಧಪಟ್ಟ ಬರ್ಲಿನ್ನಿನ ಪ್ರಯೋಗಶಾಲೆಯಲ್ಲಿದ್ದ ಫೆಲಿಕ್ಸ್ ಏರ್ಲಿಷ್ ಎಂಬ ರಸಾಯನಶಾಸ್ತ್ರಜ್ಞನು ಬೀಟ್ ಗೆಡ್ಡೆಯ ಕಾಕಂಬಿಯನ್ನು ಪರಿಶೋಧಿಸುತ್ತಾ, ಅದುವರೆಗೆ ತಿಳಿಯದಿದ್ದ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಕಂಡುಹಿಡಿದನು. ಲ್ಯೂಸಿನ್, ಐಸೊಲ್ಯೂಸಿನ್‌ಗಳ ರಚನೆಯು ಫ್ಯೂಸೆಲ್ ಎಣ್ಣೆಯ ಎರಡು ಮದ್ಯಸಾರಗಳ ರಚನೆಯನ್ನು ಹೋಲುತ್ತಿದ್ದುದು ಅವನ ಗಮನಕ್ಕೆ ಬಂದಿತು. ಹುದುಗಿಗೆ ಈ ಆಮ್ಲಗಳನ್ನು ಬೇರೆಬೇರೆಯಾಗಿ ಸೇರಿಸಿ ನೋಡಲಾಗಿ ಆಯಾ ಮದ್ಯಸಾರವು ಹೆಚ್ಚಿತು. ಅಮೋನಿಯಾ ಲವಣವನ್ನು ಸೇರಿಸಿದಾಗ ಫ್ಯೂಸೆಲ್ ಎಣ್ಣೆಯು ಕಡಮೆಯಾಯಿತು. ಯೀಸ್ಟು ಪ್ರೋಟೀನನ್ನು ಕಟ್ಟಿಕೊಳ್ಳುವ ಕಾರ್ಯದಲ್ಲಿಯೇ ಈ ಎಣ್ಣೆಯು ಉಪಪದಾರ್ಥವಾಗಿ ಬರುತ್ತದೆಂದು ೧೯೦೭ರಲ್ಲಿ ಅವನು ಪ್ರಕಟಿಸಿದನು. ೧೯೧೧ರಲ್ಲಿ ನಾಯ್‌ಬಾವರ್, ಫ್ರೋಮ್‌ಹೆರ್ಟ್ಸ್ ಎಂಬಿಬ್ಬರು ನಡುವಣ ಮೆಟ್ಟಲುಗಳನ್ನು ತಿದ್ದಿದರು. ಈ ಮಾರ್ಗಕ್ಕೆ ಇಂದಿಗೂ ಏರ್ಲಿಷ್‌ನ ಹೆಸರೇ ಇದೆ.

ಅಲ್ಪವಾದರೂ ಅತಿಯಾದರೂ ನಷ್ಟ

ಇಲ್ಲಿ ಒಂದು ಸಂದೇಹವು ಹುಟ್ಟಬಹುದು. ಅಮೈನೋ ಆಮ್ಲವು ಕಡಮೆಯಾದರೆ ಫ್ಯೂಸೆಲ್ ಎಣ್ಣೆಯೂ ಕಡಮೆಯಾಗಬೇಕಲ್ಲವೇ ಎಂದರೆ, ಹಾಗಾಗುವುದಿಲ್ಲ. ಯೀಸ್ಟು ತನಗೆ ಬೇಕಾದ ಅಮೈನೋ ಆಮ್ಲಗಳಿಗಾಗಿ ಸಕ್ಕರೆಯಿಂದಲೂ ಚೌಕಟ್ಟುಗಳನ್ನು ಕಟ್ಟುತ್ತಿರುತ್ತದೆ. ಸಾರಜನಕವು ಸಾಲದೆಹೋದಾಗ ಆ ಗಾಡಿಗಳಿಗೆ ಹೂಡಲು ಎತ್ತುಗಳಿರುವುದಿಲ್ಲ. ಆಗ ಆ ಚೌಕಟ್ಟುಗಳೂ ಮೇಲೆ ಹೇಳಿದ ದಾರಿಯಲ್ಲಿಯೇ ಫ್ಯೂಸೆಲ್ ಮದ್ಯಸಾರಗಳಾಗಿ ಹೊರಬೀಳುತ್ತವೆ. ಅದೂ ಸಾಲದೆ ಹುದುಗು ಮಂದವಾಗಿ, ಸಕ್ಕರೆಯು ತೊಟ್ಟಿಯಲ್ಲಿಯೇ ಉಳಿದು ನಷ್ಟವಾಗುತ್ತದೆ. ಕಾಕಂಬಿಯನ್ನು ಪರೀಕ್ಷಿಸಿದಾಗ ಸಾರಜನಕವು ಸಾಕಷ್ಟಿರುವಂತೆ ತೋರಿದರೂ ಅದರಲ್ಲಿ ಬಹುಭಾಗವು ಕಾಯಿಸಿದಾಗ ಉಂಟಾದ ಕಂದುಬಣ್ಣದ ಪದಾರ್ಥಗಳಲ್ಲಿ ಸಿಕ್ಕಿಕೊಂಡು ಯೀಸ್ಟಿಗೆ ನಿಲುಕದಂತಿರುತ್ತದೆ. ಈ ಕಾರಣದಿಂದಲೇ ಮದ್ಯಸಾರದ ಕಾರ್ಖಾನೆಗಳಲ್ಲಿ ಹುದುಗಿನ ಆರಂಭದಲ್ಲಿ ಅಮೋನಿಯಂ ಸಲ್ಫೇಟ್, ಡಿ.ಎ.ಪಿ., ಯೂರಿಯಾಗಳನ್ನು ಸೇರಿಸುವ ವಾಡಿಕೆಯುಂಟು. ಗದ್ದೆಗೂ ತೊಟ್ಟಿಗೂ ಗೊಬ್ಬರವು ಒಂದೇ.

ಶುದ್ಧ ಮದ್ಯಸಾರವು ೭೮ ಡಿಗ್ರಿ ಉಷ್ಣದಲ್ಲಿಯೂ ಐಸೊಅಮೈಲ್ ಮದ್ಯಸಾರವು ೧೩೧ ಡಿಗ್ರಿಯಲ್ಲಿಯೂ ಕುದಿಯುತ್ತವೆ. ಆದ್ದರಿಂದ ಬಟ್ಟಿಯ ಕಂಬದ ನಡುವಿನಿಂದ ಫ್ಯೂಸೆಲ್ ಎಣ್ಣೆಯನ್ನು ಬೇರೆಯಾಗಿ ತೆಗೆಯಬಹುದು. ಆದರೂ ಅದಕ್ಕೆ ಆವಿಯ ಖರ್ಚು ತಗಲುತ್ತದೆ.

ಯೂರಿಯಾದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಯೀಸ್ಟು ಒಡೆದಾಗ ಕಣದೊಳಗೆ ಯೂರಿಯಾವೇ ಉಂಟಾಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಯೀಸ್ಟಿನಲ್ಲಿ ಆ ಕಿಣ್ವವಿಲ್ಲ. ಬಯೊಟಿನ್ ಎಂಬ ಜೀವಸತ್ತ್ವವನ್ನು ಬೇಡುವ ಬೇರೊಂದು ಕಿಣ್ವದಿಂದ, ಸ್ವಲ್ಪ ಶಕ್ತಿಯನ್ನೂ ವೆಚ್ಚಮಾಡಿ ಈ ಕೆಲಸವನ್ನು ನಡೆಯಿಸುತ್ತದೆ. ಸುಲಭವಾದ ಸಾರಜನಕವು ಸುತ್ತಲೂ ಇದ್ದರೆ ಈ ಕೆಲಸವು ನಿಂತು, ಯೂರಿಯಾ ಹೊರಕ್ಕೆ ಸೋರುತ್ತದೆ. ಅದು ಮದ್ಯಸಾರದೊಡನೆ ಸೇರಿದರೆ ಈಥೈಲ್ ಕಾರ್ಬಮೇಟ್ ಎಂಬ ಹಾನಿಕರವಾದ ಪದಾರ್ಥವಾಗುತ್ತದೆ. ೧೯೮೫ರಲ್ಲಿ ಕೆನಡಾ ದೇಶವು ಪಾನೀಯಗಳಲ್ಲಿ ಇದಕ್ಕೆ ಮಿತಿಯನ್ನು ಗೊತ್ತುಮಾಡಿತು. ಇಂಧನಕ್ಕಾಗಿ ತೆಗೆಯುವ ಮದ್ಯಸಾರಕ್ಕೆ ಈ ಭಯವಿಲ್ಲವಾದರೂ, ಮನುಷ್ಯರ ಉಪಯೋಗಕ್ಕೆ ಬರತಕ್ಕ ಯಾವ ಹುದುಗಿಗೂ ಯೂರಿಯಾವನ್ನು ಹಾಕುವುದು ಯುಕ್ತವಲ್ಲ.

ಬರಗಾಲದ ಏರ್ಪಾಡು

ನೀರಿನ ಅಭಾವಕ್ಕೆ ಸಿಕ್ಕಿದ ಅನೇಕ ಸಸ್ಯಗಳಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲವು ಹೆಚ್ಚುತ್ತದೆ. ಇದನ್ನು ಒಡೆಯುವುದಕ್ಕೆ ಯೀಸ್ಟಿಗೆ ಆಮ್ಲಜನಕವು ಬೇಕೇಬೇಕು. ಇಂಗಾಲಾಮ್ಲ ವಾಯುವು ತುಂಬಿದ ತೊಟ್ಟಿಯ ಆಳದಲ್ಲಿ ಆಮ್ಲಜನಕವೆಲ್ಲಿಯದು? ಆದಕಾರಣ ಪ್ರೋಲಿನ್ ಕಣ್ಣೆದುರಿಗೆ ಇದ್ದರೂ ಯೀಸ್ಟಿಗೆ ಉಪವಾಸ ತಪ್ಪದು. ಯೀಸ್ಟನ್ನು ಮೊದಲು ಗಾಳಿಯಾಡುವ ಪಾತ್ರೆಯಲ್ಲಿ ಬೆಳೆಯಿಸಿ ಅನಂತರ ದೊಡ್ಡ ತೊಟ್ಟಿಗೆ ಬಿಡುವುದರಿಂದಾಗುವ ಹಲವು ಅನುಕೂಲಗಳಲ್ಲಿ ಇದೂ ಒಂದು.

ಸಾರಜನಕವು ಸಂಪೂರ್ಣವಾಗಿ ಮುಗಿದಾಗಲೂ ಯೀಸ್ಟು ಒಡನೆಯೇ ಸಾಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದಂತೆ, ಪ್ರತಿಯೊಂದು ಕಣವೂ ತನ್ನೊಳಗಿನ ಒಂದು ಚೀಲದಲ್ಲಿ ಅರ್ಜಿನಿನ್ನನ್ನು ಕೂಡಿಟ್ಟುಕೊಂಡಿರುತ್ತದೆ. ಅದೂ ತೀರಿದರೆ ತನ್ನ ಮೈಯ ಭಾಗಗಳನ್ನೇ ಆ ಚೀಲಕ್ಕೆ ತಳ್ಳಿ ಅರಗಿಸಿ, ಅದರಿಂದ ಬಂದ ಅಮೈನೋ ಆಮ್ಲಗಳಿಂದ ಅತ್ಯಗತ್ಯವಾದವುಗಳನ್ನು ಮಾತ್ರ ಕಟ್ಟಿಕೊಳ್ಳುತ್ತದೆ. ಸಾರಜನಕವಿಲ್ಲದ ನೀರಿನಲ್ಲಿಟ್ಟ ಯೀಸ್ಟಿನಲ್ಲಿ ಈ ಕ್ರಿಯೆಯನ್ನು ಜಪಾನಿನ ಯೋಶಿನೋರಿ ಓಸುಮಿ ಅವರು ಕಂಡು ೧೯೯೨ರಲ್ಲಿ ಪ್ರಕಟಿಸಿದರು. ಇದೇ ಕ್ರಿಯೆಯು ಮನುಷ್ಯರ ಮೈಯಲ್ಲಿಯೂ ನಡೆಯುವುದರಿಂದ ಅವರಿಗೆ ೨೦೧೬ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು.

ಗದ್ದೆಯಿಂದ ಆಲೆಮನೆಗೆ

ಮದ್ಯಸಾರ ತೆಗೆಯುವವನು ಯೀಸ್ಟನ್ನು ಸಾಕುತ್ತಾನೆ; ಬೆಲ್ಲ ಮಾಡುವವನಿಗೆ ಅದು ಕಳ್ಳನಂತೆ. ಕಬ್ಬಿನ ಸಿಪ್ಪೆಯ ಮೇಲೆ ಕಾಡು ಯೀಸ್ಟುಗಳು ಯಾವಾಗಲೂ ಇರುತ್ತವೆ. ಗಾಣದಿಂದಿಳಿದ ಹಾಲು ನಿಂತಷ್ಟೂ ಅವೂ ಇತರ ಸೂಕ್ಷ್ಮಜೀವಿಗಳೂ ಅದರಲ್ಲಿ ಹೆಚ್ಚುತ್ತವೆ. ಸಕ್ಕರೆಯು ಅಲ್ಲಿ ಹೇಗೂ ತುಂಬಿದೆ. ಅಮೈನೋ ಆಮ್ಲವೂ ಹೆಚ್ಚಾಗಿ ಸಿಕ್ಕಿತೆಂದರೆ ಅವುಗಳಿಗೆ ಹಬ್ಬ.

ಈ ಅಮೈನೋ ಆಮ್ಲವು ಹೆಚ್ಚುವುದು ಗದ್ದೆಯಲ್ಲಿ. ಸಾರಜನಕದ ಗೊಬ್ಬರವನ್ನು ಮಿತಿಮೀರಿ ಹಾಕಿದರೂ, ಕಬ್ಬು ಮಾಗುವ ಕಾಲದಲ್ಲಿ ಹಾಕಿದರೂ ಪೈರು ಮತ್ತೆ ಸೊಕ್ಕಿ ಬೆಳೆಯತೊಡಗುತ್ತದೆ. ಹಾಲಿನಲ್ಲಿ ಸಕ್ಕರೆಯು ಇಳಿದು ಅಮೈನೋ ಆಮ್ಲಗಳು ಏರುತ್ತವೆ. ಆಲೆಮನೆಯಲ್ಲಿ ಬೆಂಡೆಗಿಡದ ಲೋಳೆಯನ್ನು ಹಾಕಿ ಮಡ್ಡಿಯನ್ನು ತೆಗೆಯುತ್ತಾರಷ್ಟೆ. ತೇಲುವ ಕಲ್ಮಷವು ಅದರಿಂದ ಹೋಗುತ್ತದೆ. ಕರಗಿರುವ ಅಮೈನೋ ಆಮ್ಲವು ಬಹುಪಾಲು ಹೋಗುವುದಿಲ್ಲ. ಕೊಪ್ಪರಿಗೆಯ ಕಾವಿನಲ್ಲಿ ಅದು ಹರಳುಗಟ್ಟದ ಸಕ್ಕರೆಯೊಡನೆ ಕೂಡಿ ಕಂದುಬಣ್ಣವನ್ನು ಉಂಟುಮಾಡುತ್ತದೆ. ಈ ಸಂಯೋಗವನ್ನು ೧೯೧೨ರಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿನ ಮೈಯಾರ್ ಎಂಬ ಪಂಡಿತನು. ಹೀಗಾದ ಬೆಲ್ಲವು ಕಪ್ಪಾಗಿ, ಅಚ್ಚಿನಲ್ಲಿ ಗಟ್ಟಿಯಾಗಿ ಕೂರದೆ, ಮಳೆಗಾಲದಲ್ಲಿ ಬೇಗನೆ ನೀರೊಡೆಯುತ್ತದೆ. ಸಂತೆಯಲ್ಲಿ ಬೆಲೆಯೂ ತಗ್ಗುತ್ತದೆ. ಗೊಬ್ಬರಕ್ಕೆ ಕೊಟ್ಟ ಹಣವು ಹೋದುದಲ್ಲದೆ ಬೆಲ್ಲದ ಹಣವೂ ಹೋದಂತಾಯಿತು.

ಅನುಸರಿಸತಕ್ಕ ಕ್ರಮಗಳು

(೧) ಮಣ್ಣನ್ನು ಪರೀಕ್ಷೆ ಮಾಡಿಸಿ, ಶಿಫಾರಸಾದ ಪ್ರಮಾಣಕ್ಕೆ ಮೀರದಂತೆ ಸಾರಜನಕವನ್ನು ಕಂತುಗಳಲ್ಲಿ ಹಾಕಿ, ನಾಟಿಯಾದ ಸುಮಾರು ನಾಲ್ಕು ತಿಂಗಳೊಳಗೆ, ಎಂದರೆ ಪೂರ್ಣವಾಗಿ ಮಣ್ಣೇರಿಸುವ ವೇಳೆಗೆ ಮುಗಿಸತಕ್ಕದ್ದು. ಆಮೇಲೆ ಎಲೆಯ ಹಸುರನ್ನು ಹೆಚ್ಚಿಸಬೇಕೆಂದು ಯೂರಿಯಾವನ್ನು ಎರಚಬಾರದು.

(೨) ಕಬ್ಬನ್ನು ಕಡಿಯುವಾಗ ಸೋಗೆಯನ್ನೂ ತುದಿಯ ಎಳೆಯ ಗಿಣ್ಣುಗಳನ್ನೂ ತೆಗೆದುಹಾಕತಕ್ಕದ್ದು. ಅಮೈನೋ ಆಮ್ಲಗಳು ತುದಿಯಲ್ಲಿ ಹೆಚ್ಚು, ಸಕ್ಕರೆಯು ಕಡಮೆ.

(೩) ಕಡಿದ ಕಬ್ಬನ್ನು ಒಂದು ದಿನದೊಳಗಾಗಿ ಅರೆಯತಕ್ಕದ್ದು. ಗಾಣದಿಂದಿಳಿದ ಹಾಲನ್ನು ತಡಮಾಡದೆ ಕೊಪ್ಪರಿಗೆಗೆ ಏರಿಸಬೇಕು. ಗಾಣವನ್ನೂ ಹಾಲಿನ ತೊಟ್ಟಿಯನ್ನೂ ಪ್ರತಿದಿನವೂ ತೊಳೆದು ಸುಣ್ಣದ ನೀರಿನಿಂದ ಸಾರಿಸುವುದು ಉತ್ತಮ. ಹಳೆಯ ಹಾಲಿನ ಜಿಗುಟಿನಲ್ಲಿ ಯೀಸ್ಟು ಮರುದಿನದ ಹಾಲಿಗಾಗಿ ಕಾದಿರುತ್ತದೆ.

(೪) ಮದ್ಯಸಾರವನ್ನು ಇಳಿಸಿದ ಮೇಲೆ ಉಳಿಯುವ ಕಂದುನೀರಿನಲ್ಲಿ ಪೊಟ್ಯಾಷೂ, ಸತ್ತ ಯೀಸ್ಟಿನ ಸಾರಜನಕವೂ ಇರುತ್ತವೆ. ಸಂಸ್ಕರಿಸಿ, ಅನುಮತಿಯನ್ನು ಪಡೆದು, ತಕ್ಕಷ್ಟು ನೀರಿನೊಡನೆ ಬೆರೆಸಿ ಕೊಟ್ಟರೆ ಇದು ಭೂಮಿಗೆ ಗೊಬ್ಬರ. ಹಾಗೆಯೇ ನಾಲೆಗೋ ಕೆರೆಗೋ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲಾ ತಿಂದು ಮೀನುಗಳನ್ನು ಕೊಲ್ಲುತ್ತದೆ.

ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ಕಬ್ಬಿನ ತಳಿ, ಗೊಬ್ಬರ, ಬೆಲ್ಲ ಇವುಗಳ ಮೇಲೆ ಬಹುಕಾಲದಿಂದ ಪರಿಶೋಧನೆಗಳು ನಡೆದುಬಂದಿವೆ. ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರೈತರು ಗೊಬ್ಬರದ ಪ್ರಮಾಣದ ವಿಷಯದಲ್ಲಿ ಸಂದೇಹವಿದ್ದರೆ ಅಲ್ಲಿಯಾಗಲಿ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ ವಿಚಾರಿಸಿ, ಬರುವ ಹಂಗಾಮಿನಲ್ಲಿ ಒಂದು ಸಣ್ಣ ತಾಕಿಗಾದರೂ ಕೊನೆಯ ಯೂರಿಯಾವನ್ನು ನಿಲ್ಲಿಸಿ, ಆ ತಾಕಿನ ಬೆಲ್ಲವನ್ನು ಬೇರೆಯಾಗಿ ಅಚ್ಚುಹಾಕಿಸಿ ಹೋಲಿಸಿ ನೋಡುವುದು ಒಳ್ಳೆಯದು.